ಬೇಲಿ ಕಟ್ಟಿದ ಕಥೆ: ಒಂದು ಬ್ಲ್ಯಾಕ್‌ಲೆಟರ್ ಫಾಂಟ್ ಮಾಡಿದ ದಿನಚರಿ

ಗೆಳೆಯ ಕೇಳಿದ್ದು ಒಂಬತ್ತೇ ಅಕ್ಷರ. ಅವನ ಮೆಟಲ್ ಬ್ಯಾಂಡಿನ ಮೊದಲ ರೆಕಾರ್ಡಿಗೆ ಕವರ್ ಆಗಬೇಕಿತ್ತು. ಮೇಲೆ ಬ್ಯಾಂಡಿನ ಹೆಸರು, “ಆ ಹಳೇ ಜರ್ಮನ್ ಅಕ್ಷರ ಇರುತ್ತಲ್ಲ, ಮುಳ್ಳುಮುಳ್ಳಾಗಿ, ಹಾಗೆ” ಅಂದ. ಕೈಗೆ ಸಿಕ್ಕ ಬ್ಲ್ಯಾಕ್‌ಲೆಟರ್ ಫಾಂಟ್‌ಗಳನ್ನೆಲ್ಲ ಹಾಕಿ ನೋಡಿದೆ. ಒಂದರಲ್ಲಿ ಅದು ದಿನಪತ್ರಿಕೆಯ ಮಾಸ್ಟ್‌ಹೆಡ್ ಆಯಿತು, ಇನ್ನೊಂದರಲ್ಲಿ ಪದವಿ ಪ್ರಮಾಣಪತ್ರ, ಮೂರನೆಯದರಲ್ಲಿ ಬಿಯರ್ ಬಾಟಲಿಯ ಲೇಬಲ್. ಒಂದು ವಾರ ಕೊಡು, ನಾನೇ ಬರೆದುಕೊಡ್ತೀನಿ ಅಂದುಬಿಟ್ಟೆ. ಐದು ತಿಂಗಳಾಯಿತು. ಒಂಬತ್ತು ಅಕ್ಷರ ಹೋಗಿ 180 ಚಿಲ್ಲರೆ ಗ್ಲಿಫ್‌ಗಳ, ಅಂದರೆ ಅಕ್ಷರರೂಪಗಳ, ಫಾಂಟ್ ಆಯಿತು. ಫೈಲಿಗೆ ‘ಬೇಲಿ’ ಅಂತ ಹೆಸರಿಟ್ಟಿದ್ದೇನೆ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ.

ಪೆನ್ನು

ಬ್ಲ್ಯಾಕ್‌ಲೆಟರ್ ಅಂದರೆ ಒಂದೇ ಅಕ್ಷರಶೈಲಿ ಅಲ್ಲ, ಒಂದು ಮನೆತನ. ಟೆಕ್ಸ್ಟುರಾ, ರೊಟುಂಡಾ, ಶ್ವಾಬಾಖರ್, ಫ್ರಾಕ್ಟುರ್ ಎಂಬ ನಾಲ್ಕು ಮುಖ್ಯ ಕವಲು. ಗುಟೆನ್‌ಬರ್ಗ್ 1455ರ ಸುಮಾರಿಗೆ ಜರ್ಮನಿಯ ಮೈಂಟ್ಸ್‌ನಲ್ಲಿ ಅಚ್ಚು ಹಾಕಿದ, ಕಾಲಮ್ಮಿಗೆ 42 ಸಾಲಿನ ಬೈಬಲ್ ಇರುವುದು ಟೆಕ್ಸ್ಟುರಾದಲ್ಲಿ. ಆ ಹೆಸರಿಗೆ ನೇಯ್ಗೆ ಎಂಬ ಅರ್ಥ ಇದೆ, ಪುಟವನ್ನು ದೂರದಿಂದ ನೋಡಿದರೆ ನಿಜಕ್ಕೂ ಒತ್ತಾಗಿ ನೇಯ್ದ ಬಟ್ಟೆಯ ಹಾಗೆ ಕಾಣುತ್ತದೆ. ಫ್ರಾಕ್ಟುರ್ ಅಂದರೆ ಮುರಿದದ್ದು. ನನಗೆ ಬೇಕಿದ್ದದ್ದು ಟೆಕ್ಸ್ಟುರಾದ ಕಟ್ಟುನಿಟ್ಟಿನ ಚಿಕ್ಕಕ್ಷರ, ಅದರ ಮೇಲೆ ಸ್ವಲ್ಪ ಅತಿರೇಕದ ಕ್ಯಾಪಿಟಲ್.

6 ಮಿಲಿಮೀಟರ್ ಅಗಲದ ಚಪ್ಪಟೆ ನಿಬ್ ಇರುವ ಪ್ಯಾರಲಲ್ ಪೆನ್ನು ತೆಗೆದುಕೊಂಡು ಕೂತೆ. ಚಿಕ್ಕಕ್ಷರದ ಎತ್ತರ ಐದು ನಿಬ್ ಅಗಲ, ಅಂದರೆ 30 ಮಿಲಿಮೀಟರ್. ನಿಬ್ಬನ್ನು 40 ಡಿಗ್ರಿ ಓರೆಯಾಗಿ ಹಿಡಿದು, ಆ ಓರೆ ತಪ್ಪದಂತೆ ನೇರ ಕೆಳಗೆ ಎಳೆಯಬೇಕು. ಕೇಳೋದಕ್ಕೆ ಸುಲಭ. ಆದರೆ ‘ದುಂಡಗೆ ಬರಿ’ ಅಂತ ಬೈಸಿಕೊಂಡು ಕನ್ನಡ ಕಲಿತ ಕೈ ಇದು. ಪ್ರತಿ ತಿರುವಿನಲ್ಲೂ ಮಣಿಕಟ್ಟು ತಾನಾಗಿಯೇ ಸುತ್ತುತ್ತದೆ, ನಿಬ್ಬಿನ ಕೋನ ಹಾಳಾಗುತ್ತದೆ. ಇಲ್ಲಿ ತಿರುವೇ ಇಲ್ಲ. ಗೆರೆ ಎಳಿ, ನಿಲ್ಲಿಸು, ಮುರಿ, ಇನ್ನೊಂದು ಗೆರೆ ಹಚ್ಚು. ಇಂಗ್ಲಿಷಿನ ‘ಓ’ ಅನ್ನೋ ದುಂಡು ಅಕ್ಷರವೂ ಆರು ಮೂಲೆಯ ಪೆಟ್ಟಿಗೆ. ಎರಡು ವಾರ ಬರೀ ‘ಐ’, ‘ಎನ್’, ‘ಓ’ ಮೂರನ್ನೇ ಬರೆದೆ. ಸುಮಾರು 60 ಹಾಳೆ ಹೋಯಿತು. ಕೈ ಬಗ್ಗಿದ ಮೇಲೆ ಉಳಿದ ಅಕ್ಷರಗಳು ಎರಡೇ ದಿನದಲ್ಲಿ ಬಂದವು.

ಸ್ಕ್ಯಾನ್ ಮಾಡಿ ಕೆಟ್ಟದ್ದು

ಹಾಳೆಗಳನ್ನು ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಆಟೋ ಟ್ರೇಸ್ ಕೊಟ್ಟೆ, ಅಕ್ಷರದ ಅಂಚನ್ನು ಅದೇ ಗುರುತಿಸಿ ಗೆರೆ ಎಳೆಯಲಿ ಅಂತ. ಒಂದೊಂದು ಅಕ್ಷರಕ್ಕೂ ಇನ್ನೂರು ಮುನ್ನೂರು ನೋಡ್ (ಗೆರೆಯ ಆಕಾರ ಹಿಡಿದಿಡುವ ಬಿಂದು) ಬಂತು. ಕಾಗದದ ನಾರಿನಗುಂಟ ಹರಡಿದ ಶಾಯಿಯೂ ಅಕ್ಷರದ ಅಂಚಾಗಿ ಕೂತಿತ್ತು. ಒಂದು ಸಂಜೆ ಕೂತು ತಿದ್ದಿದೆ, ಆಮೇಲೆ ಎಲ್ಲ ಅಳಿಸಿ ಹಾಕಿದೆ. ಸ್ಕ್ಯಾನ್ ಹಿನ್ನೆಲೆಯಲ್ಲಿ ಮಸುಕಾಗಿ ಇರಲಿ, ಅಷ್ಟು ಸಾಕು.

ಫಾಂಟ್ ಮಾಡುವ ತಂತ್ರಾಂಶ ಫಾಂಟ್‌ಫೋರ್ಜ್ ತೆರೆದು ಬಿಡಿಭಾಗ ಮಾಡಿಕೊಂಡೆ. ಒಂದು ಕಂಬ, ಒಂದು ಕೂದಲೆಳೆಯಂಥ ಸಣ್ಣ ಗೆರೆ, ಮತ್ತೆ ಕಂಬದ ತಲೆಗೂ ಪಾದಕ್ಕೂ ಕೂರುವ, ಇಸ್ಪೀಟಿನ ಡೈಮಂಡ್ ಆಕಾರದ ತುಂಡು. ಅದನ್ನು ಹರಳು ಅಂತ ಕರೆಯುತ್ತೇನೆ. ಚಿಕ್ಕಕ್ಷರಗಳಲ್ಲಿ ಮುಕ್ಕಾಲು ಪಾಲು ಈ ಮೂರರಿಂದಲೇ ಕಟ್ಟಬಹುದು. ‘ಎನ್’ ಎಂದರೆ ಎರಡು ಕಂಬ, ನಾಲ್ಕು ಹರಳು, ನಡುವೆ ಒಂದು ಎಳೆ.

ಅಳತೆ ಹೀಗೆ ಬಂತು. ಅಕ್ಷರ ಬಿಡಿಸುವ ಒಟ್ಟು ಚೌಕದ ಎತ್ತರ 1000 ಯೂನಿಟ್, ಅದರಲ್ಲಿ ಚಿಕ್ಕಕ್ಷರದ ಎತ್ತರ 600. ಐದು ನಿಬ್ ಲೆಕ್ಕಕ್ಕೆ ನಿಬ್ ಅಗಲ 120. ಆದರೆ ನಿಬ್ ಓರೆಯಾಗಿರುವುದರಿಂದ ಕಂಬದ ಅಗಲ 120 ಬರುವುದಿಲ್ಲ. 40 ಡಿಗ್ರಿಗೆ ಅದು 92ಕ್ಕೆ ಇಳಿಯುತ್ತದೆ. ಹರಳು ಮಾತ್ರ ಉಲ್ಟಾ. 120ರ ಚೌಕವನ್ನು ಅದೇ ಕೋನಕ್ಕೆ ತಿರುಗಿಸಿದರೆ ಅಡ್ಡಳತೆ 169. ಅಂದರೆ ಹರಳು ಕಂಬದಿಂದ ಎರಡೂ ಕಡೆಗೆ 38 ಯೂನಿಟ್ ಚಾಚಿಕೊಳ್ಳುತ್ತದೆ. ಈ 38ನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಮೂರು ವಾರ ಅದು ನನ್ನನ್ನು ಗೋಳು ಹೊಯ್ದುಕೊಂಡಿತು.

ಬೇಲಿ

ಟೆಕ್ಸ್ಟುರಾದ ಜೀವ ಇರುವುದು ಒಂದೇ ಕಡೆ: ಕಂಬ, ಸಂದು, ಕಂಬ, ಸಂದು. ಅಕ್ಷರದ ಒಳಗಿನ ಬಿಳಿಯೂ, ಎರಡು ಅಕ್ಷರಗಳ ನಡುವಿನ ಬಿಳಿಯೂ ಒಂದೇ ಅಗಲ ಇರಬೇಕು. ಮರದ ಗೂಟ ನೆಟ್ಟ ಬೇಲಿಯ ಹಾಗೆ. ಒಂದು ಕಡೆ ಸಂದು ಅಗಲವಾದರೆ ಕಣ್ಣಿಗೆ ಮೊದಲು ಬೀಳುವುದೇ ಅದು.

ಕಂಬ 92, ಹಾಗಾಗಿ ಸಂದೂ 92 ಅಂತ ಶುರು ಮಾಡಿದೆ. ಪಕ್ಕದ ಜಾಗಕ್ಕೆ ಸೈಡ್ ಬೇರಿಂಗ್ ಅನ್ನುತ್ತಾರೆ. ಅದಕ್ಕೆ ಎರಡೂ ಬದಿ ಅರ್ಧರ್ಧ, 46 ತುಂಬಿದೆ. ಟೈಪ್ ಮಾಡಿ ನೋಡಿದರೆ ಪದಗಳೆಲ್ಲ ಉದುರಿಹೋಗಿವೆ, ಒಂದೊಂದು ಅಕ್ಷರ ಒಂದೊಂದು ದ್ವೀಪ. ಕರ್ನಿಂಗ್ ಅಂದರೆ ಇಂಥ ಎರಡು ಅಕ್ಷರ ಅಕ್ಕಪಕ್ಕ ಬಂದಾಗ ನಡುವಿನ ಜಾಗ ಇಷ್ಟು ಅಂತ ತಿದ್ದುವುದು. ಅಂಥ ಜೋಡಿಗಳನ್ನು ಹಾಕುತ್ತಾ ಹೋದೆ. ‘ಎನ್’ ಪಕ್ಕ ‘ಐ’ಗೆ ಮೈನಸ್ 70, ‘ಎಮ್’ ಪಕ್ಕ ‘ಯು’ಗೆ ಮೈನಸ್ 75. ನಲವತ್ತು ಜೋಡಿ ಆದ ಮೇಲೆ ತಲೆಗೆ ಹೊಳೆಯಿತು, ಎಲ್ಲ ಸಂಖ್ಯೆಗಳೂ ಹೆಚ್ಚುಕಡಿಮೆ ಒಂದೇ. ಎಲ್ಲ ಜೋಡಿಗೂ ಒಂದೇ ಔಷಧಿ ಬೇಕಾದರೆ ಕಾಯಿಲೆ ಜೋಡಿಯಲ್ಲಿಲ್ಲ, ಅಕ್ಷರದ ಪಕ್ಕದ ಜಾಗದಲ್ಲೇ ಇದೆ.

ಸಾಫ್ಟ್‌ವೇರ್ ಜಾಗ ಅಳೆಯುವುದು ಅಕ್ಷರದ ಅತ್ಯಂತ ಹೊರಗಿನ ತುದಿಯಿಂದ. ಇಲ್ಲಿ ಆ ತುದಿ ಹರಳಿನದು. ನಾನು 46 ಕೊಟ್ಟದ್ದು ಹರಳಿನಿಂದಾಚೆಗೆ. ಎರಡು ಅಕ್ಷರಗಳ ಕಂಬದಿಂದ ಕಂಬಕ್ಕೆ ಅಳೆದರೆ 92ರ ಜೊತೆ ಎರಡು 38 ಸೇರಿ 168. ಒಳಗೆ 92, ಹೊರಗೆ 168. ಬೇಲಿಯಲ್ಲಿ ದನ ನುಗ್ಗುವಷ್ಟು ಕಂಡಿ.

ಸರಿ, ಕರ್ನಿಂಗ್ ಎಲ್ಲ ಅಳಿಸಿ, ಕಂಬದಿಂದ ಅಳೆದು ಪಕ್ಕದ ಜಾಗ ಕೂರಿಸಿದೆ. ಲಯ ಬಂತು. ಆದರೆ ಇನ್ನೊಂದು ತಾಪತ್ರಯ. 92ರ ಸಂದಿನಲ್ಲಿ ಆಚೆಯಿಂದ ಒಂದು ಹರಳು, ಈಚೆಯಿಂದ ಒಂದು ಹರಳು ಚಾಚಿದರೆ ನಡುವೆ ಉಳಿಯುವುದು ಬರೀ 16 ಯೂನಿಟ್. ಅಕ್ಷರದ ಗಾತ್ರ 72 ಪಾಯಿಂಟ್ ಇದ್ದರೆ (ಪಾಯಿಂಟ್ ಅಂದರೆ ಅಚ್ಚಿನವರ ಅಳತೆ) ಅದು ಒಂದು ಪಾಯಿಂಟ್ ಬಿಳಿಗೆರೆ, ಪರವಾಗಿಲ್ಲ. 24 ಪಾಯಿಂಟ್‌ಗೆ ಇಳಿಸಿ ಮನೆಯ ಪ್ರಿಂಟರಿನಲ್ಲಿ ತೆಗೆದರೆ ಹರಳುಗಳು ಒಂದಕ್ಕೊಂದು ಅಂಟಿ, ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ. ಬೇಲಿ ಹೋಗಿ ರೈಲು ಹಳಿ ಆಯಿತು.

ಸಂದನ್ನು 104ಕ್ಕೆ ಹಿಗ್ಗಿಸಿದೆ, ಹರಳನ್ನು 120ರಿಂದ 108ಕ್ಕೆ ಕುಗ್ಗಿಸಿದೆ. ಈಗ ಹರಳು ಚಾಚುವುದು 30, ನಡುವೆ ಉಳಿಯುವುದು 44. ಪೆನ್ನಿನ ಲೆಕ್ಕಕ್ಕೆ ಇದು ಮೋಸ, ಆ ನಿಬ್ಬಿನಿಂದ ಆ ಹರಳು ಬರುವುದಿಲ್ಲ. ಆದರೆ ನೋಡಿದವರಲ್ಲಿ ಒಬ್ಬರೂ ಕಂಡುಹಿಡಿಯಲಿಲ್ಲ. ಅಷ್ಟು ದಿನ ನಾನು ಕಪ್ಪು ಗೆರೆಯ ಅಂಚನ್ನೇ ತೀಡುತ್ತಾ ಕೂತಿದ್ದೆ. ಇಲ್ಲಿಂದ ಮುಂದೆ ಅಕ್ಷರ ಬಿಡಿಸುವಾಗ ಪರದೆಯ ಬಣ್ಣ ತಿರುಗಿಸಿ, ಸಂದನ್ನು ಕಪ್ಪಾಗಿಸಿ ನೋಡಿಕೊಳ್ಳುವುದು ಅಭ್ಯಾಸವಾಯಿತು.

ಪರೀಕ್ಷೆಗೆ ಇಟ್ಟುಕೊಂಡ ಪದ ‘ಮಿನಿಮಮ್’. ಎಮ್, ಐ, ಎನ್, ಐ, ಎಮ್, ಯು, ಎಮ್. ಟೆಕ್ಸ್ಟುರಾದಲ್ಲಿ ಇದು ಸಾಲಾಗಿ 15 ಕಂಬ, ಅಷ್ಟೇ. ಯಾವ ಅಕ್ಷರ ಎಲ್ಲಿ ಮುಗಿಯಿತು ಅಂತ ದೇವರಿಗೇ ಗೊತ್ತು. ‘ಐ’ ಮೇಲಿನ ಚುಕ್ಕಿ ಬಂದದ್ದೇ ಈ ತೊಂದರೆಗೆ. ಮಧ್ಯಯುಗದ ಲಿಪಿಕಾರರು ಕಂಬಗಳ ಕಾಡಿನಲ್ಲಿ ‘ಐ’ ಕಳೆದುಹೋಗದಿರಲಿ ಅಂತ ಮೇಲೊಂದು ಸಣ್ಣ ಗೀಟು ಎಳೆಯುತ್ತಿದ್ದರು, ಅದು ಬರಬರುತ್ತಾ ಚುಕ್ಕಿಯಾಯಿತು. ನಾನೂ ಚುಕ್ಕಿ ಬಿಟ್ಟು ಆ ಗೀಟನ್ನೇ ಇಟ್ಟೆ. ‘ಯು’ ಬಾಯಿ ಮೇಲೆ ತೆರೆದಿರಬೇಕು, ‘ಎನ್’ ಬಾಯಿ ಕೆಳಗೆ. ಎಳೆಗಳನ್ನು ಸ್ವಲ್ಪ ದಪ್ಪ ಮಾಡಿದ ಮೇಲೆ ಆ ವ್ಯತ್ಯಾಸ ಕಣ್ಣಿಗೆ ಕಂಡಿತು.

ಕ್ಯಾಪಿಟಲ್: ನಾಟಕ ಇಲ್ಲಿ

ಚಿಕ್ಕಕ್ಷರ ಸೈನಿಕರ ಸಾಲಾದರೆ ಕ್ಯಾಪಿಟಲ್ ಯಕ್ಷಗಾನದ ಬಣ್ಣದ ವೇಷ. ಅಗಲ, ಹೊಟ್ಟೆ, ಜೋಡಿ ಗೆರೆ, ಬೆನ್ನಿಗೆ ಮುಳ್ಳು, ಒಳಗೆ ಖಾಲಿ ಬಿಟ್ಟ ಜಾಗದಲ್ಲಿ ಉದ್ದಕ್ಕೆ ಇಳಿಬಿಟ್ಟ ಎಳೆ. ಇಲ್ಲಿ ನಾನು ಮೈಮರೆತೆ ಅನ್ನಬೇಕು. ಮೊದಲ ಸುತ್ತಿನ ‘ಎಸ್’ಗೆ ಒಂಬತ್ತು ಮುಳ್ಳಿದ್ದವು. ಗೆಳೆಯನಿಗೆ ತೋರಿಸಿದರೆ “ಸೂಪರ್, ಇದೇನು ಡ್ರ್ಯಾಗನ್ನಾ?” ಅಂದ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು. ಮುಳ್ಳು ಮೂರಕ್ಕೆ ಇಳಿಸಿದೆ. ಪ್ರತಿ ಕ್ಯಾಪಿಟಲ್‌ನಲ್ಲೂ ಕನಿಷ್ಠ ಒಂದು ಕಂಬ 92ರದ್ದೇ ಇರಬೇಕು ಅಂತ ನಿಯಮ ಹಾಕಿಕೊಂಡೆ, ಚಿಕ್ಕಕ್ಷರದ ಜೊತೆ ನಂಟು ಉಳಿಯಲಿ ಅಂತ.

ಐದು ಜನರಿಗೆ ಒಂದೊಂದು ಕ್ಯಾಪಿಟಲ್ ಚೀಟಿ ತೋರಿಸಿ ಓದಿಸಿದೆ. ‘ಎ’ಯನ್ನು ನಾಲ್ವರು ‘ಯು’ ಅಂದರು. ‘ಐ’ ಮತ್ತು ‘ಜೆ’ ನಡುವೆ ವ್ಯತ್ಯಾಸವೇ ಇಲ್ಲ ಅಂತ ಎಲ್ಲರೂ. ಇದು ಫ್ರಾಕ್ಟುರ್‌ನಿಂದ ನಾನು ಎರವಲು ತಂದ ರೂಪಗಳ ಗುಣ. ಆ ಅಕ್ಷರದಲ್ಲೇ ಓದಿ ಬೆಳೆದವರಿಗೆ ಸಲೀಸು, ಉಳಿದವರಿಗೆ ಒಗಟು. ಚಿಕ್ಕಕ್ಷರದಲ್ಲಿ ‘ಎಕ್ಸ್’ ಕೂಡ ಬಾಲ ಬಂದ ‘ಆರ್’ ಥರ ಕಂಡಿತು. ಹಳೆಯ ರೂಪಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಅವನ್ನು ಸ್ಟೈಲಿಸ್ಟಿಕ್ ಸೆಟ್ 01ಕ್ಕೆ (ಬೇಕಾದವರು ಆನ್ ಮಾಡಿಕೊಳ್ಳುವ ಪರ್ಯಾಯ ರೂಪಗಳ ಗುಂಪು) ಸರಿಸಿ, ತಕ್ಷಣ ಓದಿಸಿಕೊಳ್ಳುವ ಸರಳ ರೂಪಗಳನ್ನು ಮೊದಲ ಸಾಲಿಗೆ ತಂದೆ. ‘ಎಕ್ಸ್’ ಮಾತ್ರ ಬ್ಯಾಂಡಿನ ಹೆಸರಲ್ಲಿ ಇಲ್ಲವಲ್ಲ ಅಂತ ಹಾಗೇ ಬಿಟ್ಟೆ.

ಬ್ಲ್ಯಾಕ್‌ಲೆಟರ್ ಬಳಸುವವರು ಮಾಡುವ ದೊಡ್ಡ ತಪ್ಪು ಒಂದಿದೆ: ಇಡೀ ಪದವನ್ನು ಕ್ಯಾಪಿಟಲ್‌ನಲ್ಲಿ ಹೊಡೆಯುವುದು. ಬಣ್ಣದ ವೇಷದವರು ಹತ್ತು ಜನ ಒಟ್ಟಿಗೆ ರಂಗಕ್ಕೆ ಬಂದ ಹಾಗೆ, ಯಾರ ಮುಖವೂ ಕಾಣುವುದಿಲ್ಲ. ಬೇಡ ಅಂತ ಹೇಳಿದರೆ ಯಾರು ಕೇಳುತ್ತಾರೆ? ಅದಕ್ಕೇ ಫಾಂಟ್ ಒಳಗೇ ಒಂದು ಸಂದರ್ಭದ ನಿಯಮ ಬರೆದೆ. ಎರಡು ಕ್ಯಾಪಿಟಲ್ ಅಕ್ಕಪಕ್ಕ ಬಂದರೆ ಎರಡೂ ಮುಳ್ಳು, ಎಳೆ ಕಳಚಿಟ್ಟು ತೆಳ್ಳಗಾಗುತ್ತವೆ. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಈ ಹತ್ತು ಸಾಲಿನ ಕೋಡ್.

ಹಳೆಯ ಬಾಬತ್ತು

ಗುಟೆನ್‌ಬರ್ಗ್‌ನ ಬೈಬಲ್‌ಗೆ ಸುಮಾರು 290 ಬಗೆಯ ಅಚ್ಚುಮೊಳೆ ಇದ್ದವು. ಲ್ಯಾಟಿನ್ ಅಕ್ಷರ ಅಷ್ಟಿಲ್ಲ. ಉಳಿದದ್ದೆಲ್ಲ ಕೂಡಕ್ಷರ (ಅಕ್ಷರಗಳನ್ನು ಬೆಸೆದು ಒಂದೇ ಮಾಡಿದ್ದು, ಅಂದರೆ ಲಿಗೇಚರ್), ಸಂಕ್ಷೇಪ, ಅಗಲ ಬೇರೆ ಇರುವ ರೂಪಗಳು. ಸಾಲಿನ ಬಲ ಅಂಚು ಸಮವಾಗಿ ಬರಬೇಕಿತ್ತಲ್ಲ, ಪದಗಳ ನಡುವೆ ಕಂಡಿ ಬಿಡುವುದರ ಬದಲು ಅಕ್ಷರವನ್ನೇ ಹಿಂಡಿ ಹಿಗ್ಗಿಸಿ ಕೂರಿಸಿದರು. ನಾನು ಅಷ್ಟು ದೂರ ಹೋಗಲಿಲ್ಲ. ‘ಎಸ್’ನ ಹಳೆಯ ಉದ್ದ ರೂಪ, ‘ಆರ್’ನ ಹಳೆಯ ದುಂಡು ರೂಪ, ಹನ್ನೆರಡು ಕೂಡಕ್ಷರ, ಅಷ್ಟು ಹಾಕಿದೆ. ಉದ್ದ ‘ಎಸ್’ ಈಗಿನವರ ಕಣ್ಣಿಗೆ ‘ಎಫ್’ ಆಗುತ್ತದೆ. ಹಾಗಾಗಿ ಅದು ತಾನಾಗಿ ಬರುವುದಿಲ್ಲ, ಬೇಕಾದವರು ಆನ್ ಮಾಡಿಕೊಳ್ಳಬೇಕು.

ಒಂದು ಸೂಕ್ಷ್ಮ ಇದೆ. ಜರ್ಮನ್ ಮುದ್ರಕರು ಫ್ರಾಕ್ಟುರ್‌ನಲ್ಲಿ ಪದಕ್ಕೆ ಒತ್ತು ಕೊಡಲು ಅಕ್ಷರಗಳನ್ನು ದೂರ ದೂರ ಜೋಡಿಸುತ್ತಿದ್ದರು. ಆಗಲೂ ‘ಸಿ-ಎಚ್’, ‘ಸಿ-ಕೆ’, ‘ಟಿ-ಜೆಡ್’ನಂಥ ಕೆಲವು ಜೋಡಿಗಳನ್ನು ಮಾತ್ರ ಬಿಡಿಸುತ್ತಿರಲಿಲ್ಲ. ಬ್ರೌಸರ್‌ಗಳದ್ದು ತದ್ವಿರುದ್ಧ. ಲೆಟರ್ ಸ್ಪೇಸಿಂಗ್ ಕೊಟ್ಟ ಕೂಡಲೇ ಸಾಮಾನ್ಯ ಲಿಗೇಚರ್‌ಗಳು ಬಿಚ್ಚಿಕೊಳ್ಳುತ್ತವೆ. ಆ ಮೂರು ಜೋಡಿಗಳನ್ನು ‘ಕಡ್ಡಾಯ ಲಿಗೇಚರ್’ ಪಟ್ಟಿಗೆ ಸೇರಿಸಿದ ಮೇಲೆ ಒಟ್ಟಿಗೇ ನಿಂತವು.

ಇನ್ನೊಂದು ಪ್ರಶ್ನೆಯನ್ನು ಬ್ಯಾಂಡಿನವರೇ ಎತ್ತಿದರು: ನೋಡಿದವರು ನಾತ್ಸಿ ಅಂದುಕೊಂಡರೆ? ನ್ಯಾಯವಾದ ಭಯ. ಚರಿತ್ರೆ ಮಾತ್ರ ಸ್ವಲ್ಪ ವಕ್ರವಾಗಿದೆ. ನಾತ್ಸಿಗಳು ಮೊದಲು ಈ ಅಕ್ಷರವನ್ನು ಜರ್ಮನ್ ಹೆಮ್ಮೆ ಅಂತ ಮೆರೆಸಿದರು. ಆಮೇಲೆ 1941ರ ಜನವರಿ 3ರಂದು ನಾತ್ಸಿ ಪಕ್ಷದ ಹಿರಿಯ ಅಧಿಕಾರಿ ಮಾರ್ಟಿನ್ ಬೋರ್ಮನ್ ಸಹಿಯ ಸುತ್ತೋಲೆ ಹೊರಟು, ಇವು ಯಹೂದಿ ಅಕ್ಷರ, ಇನ್ನು ಬಳಸಕೂಡದು ಅಂತ ಆಜ್ಞೆಯಾಯಿತು. ಆ ಸುತ್ತೋಲೆಯ ಲೆಟರ್‌ಹೆಡ್ಡೇ ಫ್ರಾಕ್ಟುರ್‌ನಲ್ಲಿತ್ತು! ಆದರೂ ನೋಡುವವರ ಮನಸ್ಸಿನಲ್ಲಿ ಇರುವ ಚಿತ್ರ ಅದರಿಂದ ಅಳಿಯುವುದಿಲ್ಲ. ಆ ಚಿತ್ರ ಬಂದದ್ದು ಹೆಚ್ಚಾಗಿ 1930ರ ದಶಕದ ತನ್ನೆನ್‌ಬರ್ಗ್‌ನಂಥ ಅಕ್ಷರಗಳಿಂದ. ಹರಳು, ಎಳೆ ಎಲ್ಲ ಕಿತ್ತುಹಾಕಿ ಬೂಟಿನ ಹಾಗೆ ಸೆಟೆದು ನಿಂತ ದಪ್ಪ ಕಂಬಗಳು ಅವು. ನನ್ನ ಕಂಬಗಳೂ ಅಳತೆಪಟ್ಟಿ ಹಿಡಿದ ಹಾಗೆ ನೇರ ಇದ್ದವು. ನಡುವಿನಲ್ಲಿ 4 ಯೂನಿಟ್ ಸೊಂಟ ತೆಗೆದೆ. ಬಿಡಿಯಾಗಿ ನೋಡಿದರೆ ಗೊತ್ತೇ ಆಗುವುದಿಲ್ಲ, ಸಾಲಿನಲ್ಲಿ ಮಾತ್ರ ಪೆನ್ನಿನ ಬಿಸಿ ಬಂತು. ಕೆಂಪು, ಕಪ್ಪು, ಬಿಳಿ ಮೂರೂ ಒಟ್ಟಿಗೆ ಬೇಡ ಅಂತಲೂ ಕವರಿಗೆ ಹೇಳಿಬಿಟ್ಟೆ.

ಎರಡು ಕಿರಿಕಿರಿ

ಫಾಂಟ್ ಎಕ್ಸ್‌ಪೋರ್ಟ್ ಮಾಡಿದರೆ ಕೆಲವು ಪಾದಗಳಲ್ಲಿ, ಹರಳು ಕಂಬವನ್ನು ಸೇರುವ ಕಡೆಯೇ, ಬಿಳಿ ತೂತು. ಎಲ್ಲ ಅಕ್ಷರದಲ್ಲೂ ಅಲ್ಲ, ಬಲಪಾದದಲ್ಲಿ ಮಾತ್ರ. ಕಾರಣ: ಆ ಹರಳನ್ನು ಕನ್ನಡಿಯಂತೆ ಮಗುಚಿ ಮಾಡಿಕೊಂಡಿದ್ದೆ. ಮಗುಚಿದಾಗ ಗೆರೆ ಸುತ್ತುವ ದಿಕ್ಕೂ ತಿರುಗುತ್ತದೆ. ಎದುರುಬದುರು ಸುತ್ತುವ ಎರಡು ಆಕಾರ ಒಂದರ ಮೇಲೊಂದು ಬಿದ್ದರೆ, ಆ ಭಾಗ ತೂತು ಅಂತ ತಂತ್ರಾಂಶ ತಿಳಿಯುತ್ತದೆ. ದಿಕ್ಕು ಸರಿಪಡಿಸಿ, ಅತಿಕ್ರಮಣ ತೆಗೆದರೆ ಆಯಿತು. ಅದೇ ಅನುಕ್ರಮದಲ್ಲಿ ಮಾಡಬೇಕು.

ಸರಿಪಡಿಸಿದೆ, ಮತ್ತೆ ಹಾಕಿದೆ, ತೂತು ಹಾಗೇ ಇದೆ. ಮತ್ತೆ ಸರಿಪಡಿಸಿದೆ. ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಕಂಪ್ಯೂಟರ್ ಹಳೆಯ ಫಾಂಟನ್ನೇ ನೆನಪಿನಲ್ಲಿ ಇಟ್ಟುಕೊಂಡು ಅದನ್ನೇ ತೋರಿಸುತ್ತಿತ್ತು. ಅವತ್ತಿನಿಂದ ಪ್ರತಿ ಪರೀಕ್ಷೆಗೂ ಹೆಸರು ಬದಲು: ಬೇಲಿ 31, ಬೇಲಿ 32. ಈಗ ಬೇಲಿ 77ರಲ್ಲಿದ್ದೇನೆ.

ಅಚ್ಚಿಗೆ ಹೋದ ಮೇಲೆ

ಕವರ್ ಮುಂಭಾಗ: ಕಪ್ಪು ನೆಲ, ಬಿಳಿ ಅಕ್ಷರ, ಬ್ಯಾಂಡಿನ ಹೆಸರು 190 ಪಾಯಿಂಟ್. ಬೆನ್ನಿನ ಪಟ್ಟಿಯಲ್ಲಿ ಅದೇ ಹೆಸರು 10 ಪಾಯಿಂಟ್. ಮೊದಲ ಪ್ರೂಫ್‌ನಲ್ಲಿ ಮುಂಭಾಗ ಕಣ್ಣು ಕೋರೈಸಿತು. ಬೆನ್ನಿನಲ್ಲಿ ಇದ್ದದ್ದು ಬೂದು ಕಲೆ, ಅಂಚಿಗೆ ಗುಲಾಬಿ ನೆರಳು.

ತಪ್ಪು ನನ್ನದೇ, ಅದೂ ಎರಡು. ಕಪ್ಪು ಗಾಢವಾಗಿ ಬರಲಿ ಅಂತ ನಾಲ್ಕು ಬಣ್ಣ ಸೇರಿಸಿದ ಕಪ್ಪು ಕೊಟ್ಟಿದ್ದೆ. ನಾಲ್ಕು ಪ್ಲೇಟ್ ಕೂದಲೆಳೆಯಷ್ಟು ಆಚೀಚೆ ಆದರೂ ಬಿಳಿ ಎಳೆಯೊಳಗೆ ಬಣ್ಣ ನುಗ್ಗುತ್ತದೆ. ಎರಡನೆಯದು, ನನ್ನ ಎಳೆ 18 ಯೂನಿಟ್. 10 ಪಾಯಿಂಟ್‌ನಲ್ಲಿ ಅದು 0.18 ಪಾಯಿಂಟ್. ಸುತ್ತಲಿನ ಶಾಯಿ ಸ್ವಲ್ಪ ಹರಡಿದರೂ ಸಾಕು, ಎಳೆ ಮಾಯ.

ಬೆನ್ನಿಗೆ ಬರೀ ಕಪ್ಪು ಶಾಯಿ ಮಾಡಿದೆ. ಅದಕ್ಕೆಂದೇ ಬೇರೆ ಕಟ್, ಅಂದರೆ ಅದೇ ಫಾಂಟಿನ ಇನ್ನೊಂದು ರೂಪ, ತಯಾರಿಸಿದೆ. ಎಳೆ 40, ಸಂದು 120, ಕ್ಯಾಪಿಟಲ್‌ನ ಮುಳ್ಳು, ಇಳಿಬಿಟ್ಟ ಎಳೆ ಪೂರ್ತಿ ರದ್ದು. ದೊಡ್ಡದು ಮಾಡಿ ನೋಡಿದರೆ ಒರಟು, ಪೆದ್ದುಪೆದ್ದು. ಬೆನ್ನಿನಲ್ಲಿ ನೋಡಿದರೆ ಮುಂಭಾಗದ್ದೇ ಅಕ್ಷರ ಅನ್ನಿಸುತ್ತದೆ.

ಈ ಫಾಂಟ್ ಎಲ್ಲಿ ಒಗ್ಗುತ್ತದೆ ಅಂತ ಕೇಳುವವರಿಗೆ ನನ್ನ ಅನುಭವ ಇಷ್ಟು. ಒಂದು ಪದ, ಹೆಚ್ಚೆಂದರೆ ನಾಲ್ಕು. 40 ಪಾಯಿಂಟ್‌ನಿಂದ ಮೇಲಕ್ಕೆ. ಪೋಸ್ಟರ್ ತಲೆಬರಹ, ಬಾಟಲಿಯ ಲೇಬಲ್, ಟೀ ಶರ್ಟ್, ಅಧ್ಯಾಯದ ಮೊದಲ ದೊಡ್ಡಕ್ಷರ, ಇವು ಚೆನ್ನ. ಅಕ್ಷರಗಳ ನಡುವೆ ಜಾಗ ಹಿಗ್ಗಿಸಬೇಡಿ, ಬೇಲಿ ಬಿದ್ದುಹೋಗುತ್ತದೆ. ಪದಗಳ ನಡುವೆಯೂ ಎರಡು ಕಂಬದಷ್ಟು ಸಾಕು. ಎರಡು ಸಾಲಿದ್ದರೆ ಮೇಲಿನ ಬಾಲ ಕೆಳಗಿನ ತಲೆಗೆ ತಾಗುವಷ್ಟು ಹತ್ತಿರ ತನ್ನಿ. ಜೊತೆಗೆ ಬರುವ ಉಳಿದ ಬರಹಕ್ಕೆ ಯಾವ ಅಲಂಕಾರವೂ ಇಲ್ಲದ ಸೆರಿಫ್ (ಗೆರೆಯ ತುದಿಗೆ ಪುಟ್ಟ ಪಾದವಿರುವ, ಪುಸ್ತಕಗಳಲ್ಲಿ ಕಾಣುವ ಅಕ್ಷರ) ಹಾಕಿ. ಎರಡನೇ ಬಣ್ಣ ಬೇಕೇಬೇಕು ಅನ್ನಿಸಿದರೆ ಮೊದಲಕ್ಷರಕ್ಕೆ ಮಾತ್ರ ಕೆಂಪು. ಹಸ್ತಪ್ರತಿಗಳಲ್ಲಿ ಹಾಗೇ ಮಾಡುತ್ತಿದ್ದರು. ಗುಟೆನ್‌ಬರ್ಗ್ ಕೂಡ ಮೊದಲ ಕೆಲವು ಪುಟಗಳಲ್ಲಿ ಕೆಂಪನ್ನು ಅಚ್ಚಿನಲ್ಲೇ ತರಲು ಹೋಗಿ, ಆಮೇಲೆ ಆ ಉಸಾಬರಿ ಬಿಟ್ಟು ಕೈಯಲ್ಲಿ ತುಂಬುವವರಿಗೆ ಒಪ್ಪಿಸಿದ.

ಗೆಳೆಯನಿಗೆ ಕವರ್ ಹಿಂಬದಿಯ ಹಾಡುಗಳ ಪಟ್ಟಿಯೂ ಬೇಲಿಯಲ್ಲೇ ಬೇಕಿತ್ತು, 9 ಪಾಯಿಂಟ್‌ನಲ್ಲಿ. ವಾದ ಮಾಡಲಿಲ್ಲ. ಬೇಲಿಯಲ್ಲಿ ಒಂದು, ಸೆರಿಫ್‌ನಲ್ಲಿ ಒಂದು ಪ್ರಿಂಟ್ ತೆಗೆದು, ಮೂರನೇ ಹಾಡು ಯಾವುದು ಓದು ಅಂದೆ. ಸೆರಿಫ್ ಹಾಳೆ ತೆಗೆದುಕೊಂಡು ಹೋದ.

ಮೊನ್ನೆ ಫೋನ್ ಮಾಡಿದ್ದ. ಎರಡನೇ ರೆಕಾರ್ಡಿಗೆ ಹೆಸರು ಇಟ್ಟಾಯಿತಂತೆ. ಐದು ಅಕ್ಷರ, ನಟ್ಟನಡುವೆ ‘ಎಕ್ಸ್’.